ಪಾದ್ರಿಗಳ ಕಾಲೇಜಿಗೆ ಹೋದ ಮಾವ

ಮಾತಾಡುವ ಮೊದಲು ಮಾವನ ಗಂಟಲಮಣಿ ಒಮ್ಮೆ ಮೇಲೆದ್ದು ಕೆಳಗಿಳಿಯುತ್ತಿತ್ತು. ಬಾಯಿಗೆ ಮೊದಲು ಬಂದ ಉತ್ತರವನ್ನು ನುಂಗಿ ಎರಡನೆಯದನ್ನು ಹೇಳುತ್ತಿದ್ದಾರೇನೋ ಅನ್ನಿಸುತ್ತಿತ್ತು. ಅವರು ಅಮ್ಮನ ತಮ್ಮ, ಮದ್ದೂರಿನಲ್ಲಿ ಇಂಗ್ಲಿಷ್ ಮೇಷ್ಟರು. ಉಪ್ಪಿನಕಾಯಿಗೆ ಉಪ್ಪು ಸಾಕೇ ಎಂದು ಕೇಳಿದರೂ "ಇರು, ನೋಡಿ ಹೇಳ್ತೀನಿ" ಅನ್ನುವರು. ನೋಡದೆ ಏನನ್ನೂ ಹೇಳಿದವರಲ್ಲ.

ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡು, ಮಗುವೂ ಉಳಿಯದೆ ಹೋದ ಮೇಲೆ ಮಾವ ನಮ್ಮ ಮನೆಯಲ್ಲೇ ಇದ್ದರು. ಬಂದವರೆಲ್ಲ ಕರ್ಮ, ಋಣ ಎಂದು ಸಮಾಧಾನ ಹೇಳಿ ಹೋದರು. ಆಮೇಲೊಂದು ದಿನ ರೈಲಿನಲ್ಲಿ ಜೊತೆಗೆ ಕೂತಿದ್ದ ಮುದಿ ಪಾದ್ರಿಯೊಬ್ಬರು, ತನ್ನ ಮಗ ಶಿಲುಬೆಯ ಮೇಲೆ ಸಾಯುವುದನ್ನು ದೇವರೂ ನೋಡಿದ್ದಾನೆ ಅಂದರಂತೆ. ಆ ಮಾತು ಸರಿ ಅನ್ನಿಸಲಿಲ್ಲ, ತಳ್ಳಿಹಾಕುವುದಕ್ಕೂ ಆಗಲಿಲ್ಲ ಎಂದು ಮಾವ ಅಮ್ಮನ ಹತ್ತಿರ ಹೇಳಿಕೊಂಡರು. ಸ್ಕೂಲಿಗೆ ಸಂಬಳವಿಲ್ಲದ ರಜೆ ಹಾಕಿ, ಬೆಂಗಳೂರಿನ ಪಾದ್ರಿಗಳ ಕಾಲೇಜಿನಲ್ಲಿ ಕ್ರೈಸ್ತ ದೈವಶಾಸ್ತ್ರದ ಎಂ.ಎ.ಗೆ ಸೇರಿಬಿಟ್ಟರು. ಸೋಮವಾರ ರೈಲು ಹತ್ತಿದರೆ ಶನಿವಾರ ಬರುವರು. ಹೆಗಲಿಗೆ ಜನಿವಾರ, ಕೈಯಲ್ಲಿ ಗ್ರೀಕ್ ವ್ಯಾಕರಣ. ಅಗ್ರಹಾರದಲ್ಲಿ ಮೊದಲು ನಗಾಡಿದರು, ಆಮೇಲೆ ಯಾರೂ ನಗಲಿಲ್ಲ.

ಆ ವರ್ಷವೇ ಮಳವಳ್ಳಿಯಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದರು. ಹುಡುಗ ಒಪ್ಪಿದ, ಜಾತಕವೂ ಕೂಡಿತ್ತು. ತಾಂಬೂಲದ ತಟ್ಟೆ ಮುಂದಿಟ್ಟಾಗ ಹುಡುಗನ ತಾತ ಕೈಯನ್ನು ಅದರ ಮೇಲೆ ಇಟ್ಟು ಮಾವನ ಕಡೆ ತಿರುಗಿದರು. ನಾನು ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ.

"ಮೇಷ್ಟ್ರೇ, ಕಿರಸ್ತಾನರ ದೀಕ್ಷೆ ತೊಗೊಂಡಿದ್ದೀರಾ?"

"ಇಲ್ಲ."

"ಮುಂದೂ ತೊಗೊಳೋದಿಲ್ಲ ಅಂತ ದೇವರ ಮನೆ ಕಡೆ ತಿರುಗಿ ಒಂದು ಮಾತು ಹೇಳಿಬಿಡಿ. ಅಷ್ಟು ಸಾಕು."

ಅಪ್ಪ ಮಾವನನ್ನೇ ನೋಡುತ್ತಿದ್ದರು. ಚಿಕ್ಕರಸಿನಕೆರೆಯ ಗೌಡರೊಬ್ಬರು, ಅಪ್ಪನ ಸ್ನೇಹಿತರು, ಜಗಲಿಯಲ್ಲಿದ್ದವರು ಎದ್ದು ಬಾಗಿಲಿಗೆ ಬಂದರು. "ಒಂದ್ ಮಾತು ಏಳ್ಬುಡಿ ಮೇಷ್ಟ್ರೇ. ಎಣ್ ಮಗೀನ ಬಾಳು ಕಣಿ," ಅಂದರು ಮೆಲ್ಲಗೆ.

ಮಾವನ ಗಂಟಲು ಆಡಿತು. ಒಂದು ಸಲವಲ್ಲ, ಬಹಳ ಹೊತ್ತು.

"ಇವತ್ತು ಇಲ್ಲ ಅಂತ ಹೇಳಬಲ್ಲೆ. ನಾಳೆ ಮನಸ್ಸು ಎಲ್ಲಿ ನಿಲ್ಲುತ್ತೋ ನನಗೇ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ದೇವರ ಮುಂದೆ ಹೇಗೆ ಹೇಳಲಿ?"

ತಾತ ತಟ್ಟೆಯಿಂದ ಕೈ ತೆಗೆದರು. ಬಂದವರು ಎದ್ದು ಗಾಡಿ ಹತ್ತಿದರು. ಅಂದಿನಿಂದ ಅಪ್ಪ ಮಾವನ ಜೊತೆ ಮಾತು ಬಿಟ್ಟರು. ಮಾವನ ಊಟದ ಎಲೆ ಜಗಲಿಗೆ ಹೋಯಿತು. ಅಮ್ಮ ಅಲ್ಲಿಗೇ ಹೋಗಿ ಬಡಿಸಿ ಒಳಗೆ ಬರುವಳು.

ಮುಂದಿನ ಶನಿವಾರ ನೀರಿನ ಲೋಟ ಇಡಲು ಹೋದಾಗ ಮಾವ ಕೇಳಿದರು, "ನನ್ನ ಮೇಲೆ ಸಿಟ್ಟಿದೆಯೇನೇ?"

"ಇದೆ," ಅಂದೆ.

"ಇರಲಿ. ಇಲ್ಲ ಅಂದಿದ್ದರೆ ನಂಬ್ತಿರಲಿಲ್ಲ." ಪಕ್ಕದಲ್ಲಿದ್ದ ಇಂಗ್ಲಿಷ್ ಪುಸ್ತಕ ತೆಗೆದು, ಕೂತುಕೋ, ಓದು ಅಂದರು. ನನ್ನ ಓದು ಶುರುವಾದದ್ದು ಆ ಜಗಲಿಯಲ್ಲಿ. ಮುಂದೆ ನಾನು ಮೈಸೂರಿಗೆ ಹೋಗಿ ಓದಿದ್ದು, ಮೇಷ್ಟರಮ್ಮ ಆದದ್ದು, ಸಂಬಳ ತಂದು ಅಪ್ಪನ ಕೈಗೆ ಕೊಟ್ಟದ್ದು ಎಲ್ಲವೂ ಅಲ್ಲಿಂದ ಬಂದವು.

ಎಂ.ಎ. ಕೊನೆಯ ಪರೀಕ್ಷೆಗೆ ಮಾವ ಹೋಗಿದ್ದಾಗ, ಬೆಂಗಳೂರಿನಲ್ಲಿ ಅವರ ತಲೆಯ ಮೇಲೆ ನೀರು ಹಾಕಿ ದೀಕ್ಷೆ ಕೊಟ್ಟದ್ದಾಯಿತು ಎಂದು ಯಾರೋ ಸುದ್ದಿ ತಂದರು. ಬರುವ ದಿನ ಸಂಜೆ ಬೀದಿಯ ಜಗಲಿಗಳಲ್ಲೆಲ್ಲ ಜನ. ಜನಿವಾರ ಕಾಣದಿದ್ದರೆ ಬಾಗಿಲು ಹಾಕುತ್ತೇನೆ ಎಂದು ಅಪ್ಪ ಹೊಸ್ತಿಲಲ್ಲಿ ನಿಂತಿದ್ದರು. ಮಾವ ಕತ್ತಿನವರೆಗೂ ಗುಂಡಿ ಹಾಕಿದ ಕೋಟಿನಲ್ಲಿ ಬೀದಿ ತಿರುಗಿ ಬಂದರು. ಒಳಗೇನಿದೆ ಎಂದು ಯಾರಿಗೂ ಕಾಣಿಸುವಂತಿರಲಿಲ್ಲ. ಅಮ್ಮ ಅಪ್ಪನ ಪಕ್ಕದಿಂದ ನುಸುಳಿ ಬೀದಿಗಿಳಿದಳು. ಗಂಡಸರ ಮುಂದೆ ಹಾಗೆ ಬೀದಿಗಿಳಿದವಳೇ ಅಲ್ಲ. ತಮ್ಮನ ಕೈಯ ಚೀಲ ತೆಗೆದುಕೊಂಡು, ಅವರ ತೋಳು ಹಿಡಿದು ಬಾಗಿಲಿಗೆ ತಂದಳು.

"ಏನೂ ಕೇಳಬೇಡಿ. ಹಸಿದು ಬಂದಿದಾನೆ," ಅಂದಳು.

ಅಪ್ಪ ಅವಳ ಮುಖ ನೋಡಿದರು. ಆಮೇಲೆ ಪಕ್ಕಕ್ಕೆ ಸರಿದರು. ಮಾವ ಅಂದು ಒಳಗೆ ಕೂತು ಉಂಡರು. ಊಟಕ್ಕೆ ಕೋಟು ತೆಗೆದಾಗ ಜನಿವಾರ ಇತ್ತು. ಅದನ್ನು ಅಪ್ಪನೂ ನೋಡಿದರು, ನಾನೂ ನೋಡಿದೆ. ಅಮ್ಮ ಅತ್ತ ತಿರುಗಲೇ ಇಲ್ಲ.

ಡಿಗ್ರಿ ಬಂತು. ಕ್ರಿಸ್ತನನ್ನು ನಂಬುತ್ತೇನೆ ಎಂದು ಹೇಳಿದ್ದರೆ ಆ ಕಾಲೇಜಿನಲ್ಲೇ ಕೆಲಸ ಸಿಗುವ ಹಾಗಿತ್ತಂತೆ. ಅದನ್ನೂ ಅವರು ಹೇಳಲಿಲ್ಲ. ಹಳೆಯ ಸ್ಕೂಲಿಗೇ ಮರಳಿ ಮಕ್ಕಳಿಗೆ ಸ್ಪೆಲಿಂಗ್ ತಿದ್ದಿದರು.

ನಾಲೆಯ ನೀರು ಬಂದು ಸೊಳ್ಳೆ ಹೆಚ್ಚಿದ ಮೇಲೆ ನಮ್ಮ ಸೀಮೆಯಲ್ಲೆಲ್ಲ ಚಳಿಜ್ವರ ಹಬ್ಬಿತು. ಮಾವ ಅದರಲ್ಲೇ ಮಲಗಿದರು, ಜ್ವರ ಕ್ವಿನೈನಿಗೂ ಬಗ್ಗಲಿಲ್ಲ. ಕೊನೆಯ ದಿನ, ಹೋಗುವ ಜೀವದ ಕಿವಿಯಲ್ಲಿ ದೇವರ ಹೆಸರು ಹೇಳಬೇಕಲ್ಲ ಎಂದು ಅಮ್ಮ ಬಾಗಿದವಳು ಹಾಗೇ ನಿಂತಳು.

"ಯಾವ ಹೆಸರು ಹೇಳಲೋ ನಿಂಗೆ?" ಎಂದು ಕೇಳಿದಳು.

ಮಾವ ಕಣ್ಣು ತೆರೆದರು. "ನಿನ್ನ ಬಾಯಿಗೆ ಯಾವುದು ಸಲೀಸಾಗಿ ಬರುತ್ತೋ ಅದನ್ನೇ ಹೇಳಕ್ಕ."

ಅಮ್ಮ ನಾರಾಯಣ, ನಾರಾಯಣ ಎನ್ನತೊಡಗಿದಳು. ಮಾವ ಕಿವಿಯನ್ನು ಅವಳ ಕಡೆಗೆ ತಿರುಗಿಸಿಕೊಂಡರು.