ಎರಡು ಪ್ಲೇಟಿನ ನಡುವಿನ ಸಂದು

ಮೊನ್ನೆ ನಮ್ಮ ಬೀದಿಯ ಮದುವೆಯೊಂದರಲ್ಲಿ ಡಿಜೆಯವನೊಬ್ಬ ಕಿವಿಗೆ ದೊಡ್ಡ ದೊಡ್ಡ ಬಟ್ಟಲು ಕವುಚಿಕೊಂಡು ನಿಂತಿದ್ದ. ಹಾಡಿಗೆ ಹಾಡು ಬೆಸೆಯುವುದನ್ನು ಕಲಿಯಲು ಎಷ್ಟು ದಿನ ಹಿಡಿಯಿತಪ್ಪಾ ಎಂದು ಕೇಳಿದೆ. ಮೂರು ತಿಂಗಳ ಕೋರ್ಸು ಇದೆ ಆಂಟಿ, ಅಂದ. ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು, ಕೊನೆಗೆ ಒಂದು ಲೋಟ ಪಾನಕ ಕುಡಿದು ಸುಮ್ಮನಾದೆ. ನಿಮಗೆ ಎಷ್ಟು ದಿನ ಹಿಡಿಯಿತು ಎಂದು ಅವನೇನೂ ಕೇಳಲಿಲ್ಲ. ಕೇಳದಿದ್ದರೇನು, ನಾನೇ ಹೇಳುತ್ತೇನೆ.

ನಾನು ಹೊನ್ನಾಳಿಯವಳು. ಎಪ್ಪತ್ತರ ದಶಕದ ನಡುವೆ ನ್ಯಾಮತಿಗೆ ಮದುವೆಯಾಗಿ ಬಂದೆ. ನಮ್ಮವರದು ಮೈಕ್ ಸೆಟ್ಟು. ಒಂದು ಆಂಪ್ಲಿಫೈಯರ್, ಪ್ಲೇಟು ತಿರುಗುವ ಒಂದು ಪೆಟ್ಟಿಗೆ, ಎರಡು ಹಾರ್ನು, ಒಂದು ಟ್ರಂಕಿನ ತುಂಬಾ ಹಾಡಿನ ಪ್ಲೇಟುಗಳು. ಹುಡುಗಿ ಹಾಡು ಕೇಳಿಕೊಂಡೇ ರೊಟ್ಟಿ ಬಡಿಯಬಹುದು ಎಂದು ಸಂಬಂಧ ತಂದವರು ನಮ್ಮಪ್ಪನಿಗೆ ಹೇಳಿದ್ದರಂತೆ. ಎಲ್ಲಿಯ ಹಾಡು! ಪ್ಲೇಟಿನ ಮೇಲೆ ಓಡುವ ಮುಳ್ಳು ಸವೆಯುತ್ತದೆ ಎಂದು ಆಗ ಮನೆಯಲ್ಲಿ ಒಂದು ದಿನವೂ ಪ್ಲೇಟು ತಿರುಗಲಿಲ್ಲ. ಊರಿಗೆಲ್ಲಾ ಹಾಡು ಹಂಚುವ ಮನೆಯಲ್ಲಿ ನಾನು ಒಲೆ ಊದುವ ಸದ್ದು ಕೇಳಿಕೊಂಡು ವರ್ಷಗಟ್ಟಲೆ ಕೂತಿದ್ದೆ.

ನಮ್ಮ ಕಡೆ ಮದುವೆ ಮನೆಯ ಮೈಕಿಗೆ ಒಂದು ಕಟ್ಟುಪಾಡಿತ್ತು. ಅಕ್ಕಿಕಾಳು ಬೀಳುವ ಹೊತ್ತು ಬಿಟ್ಟರೆ, ಆಗ ವಾಲಗದವರು ಇರುತ್ತಿದ್ದರು, ಬೀಗರು ಬಸ್ಸು ಹತ್ತುವ ತನಕ ಹಾಡು ನಿಲ್ಲುವಂತಿಲ್ಲ. ನಿಂತಿತೆಂದರೆ ಅರ್ಥ ಒಂದೇ. ಆ ಕೇರಿಯಲ್ಲಿ ಯಾರೋ ತೀರಿಕೊಂಡಿದ್ದಾರೆ. ಸಾವಾದ ಮನೆಗೆ ಮರ್ಯಾದೆ ಕೊಡಲು ಮೊದಲು ಮಾಡುವ ಕೆಲಸವೇ ಮೈಕ್ ಆರಿಸುವುದು. ಹಾಗಾಗಿ ಹಾಡು ನಿಂತು ಎರಡು ಉಸಿರು ಕಳೆಯಿತೋ ಇಲ್ಲವೋ, ಚಪ್ಪರದಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಿ, ಯಾರು ಹೋದ್ರು ಎಂದು ಕೇಳಲು ಶುರು ಮಾಡುತ್ತಿದ್ದರು.

ಒಂದು ಪ್ಲೇಟು ಎತ್ತಿ, ಒರೆಸಿ, ಇನ್ನೊಂದು ಇಟ್ಟು, ಮುಳ್ಳು ಇಳಿಸುವುದೆಂದರೆ ಎರಡು ಉಸಿರಿನ ಮಾತಲ್ಲ. ಆ ಸಂದನ್ನು ನಮ್ಮವರು ಮಾತಿನಿಂದ ತುಂಬುತ್ತಿದ್ದರು. ಬೀಗರು ಊಟಕ್ಕೆ ಏಳಬೇಕು, ಮಕ್ಕಳು ಚಪ್ಪರದ ಗಳು ಅಲ್ಲಾಡಿಸಬಾರದು, ಹೀಗೆ ಏನೋ ಒಂದು. ಹಾಡಿಗಿಂತ ಅವರ ಗಂಟಲೇ ಚೆನ್ನಾಗಿತ್ತು ಎಂದು ನಾನು ಈಗಲೂ ಹೇಳುತ್ತೇನೆ. ಅವರ ಎದುರಿಗೆ ಮಾತ್ರ ಒಮ್ಮೆಯೂ ಹೇಳಲಿಲ್ಲ, ತಲೆಗೇರುತ್ತದೆ ಅಂತ.

ಎಂಬತ್ತರ ದಶಕ ಬರುವಷ್ಟರಲ್ಲಿ ಅವರ ಬಲಗಿವಿ ಕೈಕೊಟ್ಟಿತು. ವರ್ಷಾನುಗಟ್ಟಲೆ ಹಾರ್ನಿನ ಬುಡದಲ್ಲೇ ಕೂತವರು, ಇನ್ನೇನಾಗಬೇಕು? ಹಾಡು ಮುಗಿದು ಮುಳ್ಳು ಕೊನೆಯ ಗೆರೆಯಲ್ಲಿ ಕರ್ ಕರ್ ಎಂದು ಉಜ್ಜುತ್ತಿದ್ದರೂ ಇವರು ವೈರು ಸುತ್ತುತ್ತಾ ಕೂತಿರುತ್ತಿದ್ದರಂತೆ. ಯಾರೋ ಬಂದು ಭುಜ ತಟ್ಟಬೇಕು. ಒಪ್ಪಿಕೊಳ್ಳುವ ಆಸಾಮಿಯಲ್ಲ. ಪ್ಲೇಟು ಸವೆದಿದೆ, ಕರೆಂಟು ಸರಿ ಇಲ್ಲ, ನೂರೆಂಟು ನೆಪ. ಜಗಳೂರು ಕಡೆಯ ಒಂದು ದೊಡ್ಡ ಮನೆತನ, ಅವರ ಅಪ್ಪನ ಕಾಲದಿಂದ ನಮ್ಮ ಸೆಟ್ಟನ್ನೇ ಕರೆಸುತ್ತಿದ್ದವರು, ಆ ವರ್ಷ ಬೇರೆಯವರಿಗೆ ಹೇಳಿಬಿಟ್ಟರು. ಅವತ್ತು ನಮ್ಮವರು ಊಟ ಮಾಡಲಿಲ್ಲ. ಈ ಮನುಷ್ಯನಿಂದ ಸೆಟ್ಟು ಹೋದರೆ ಜೀವವೇ ಹೋದಂತೆ ಎಂದು ನನಗೆ ಅರ್ಥವಾಯಿತು.

ಪ್ಲೇಟು ಬದಲಾಯಿಸಲು ನಾನೇ ಬಂದು ಕೂರುತ್ತೇನೆ ಎಂದೆ.

"ಹೆಂಗಸ್ರು ಮೈಕ್ ಸೆಟ್ಟಿಗೆ ಕುಂತ್ರೆ ಜನ ಏನಂತಾರೆ?" ಅಂದರು.

"ಈಗ ನಿಮ್ಮನ್ನ ಏನಂತಿದಾರೆ ಗೊತ್ತೈತಾ?" ಅಂದೆ.

ನನ್ನ ಬಾಯಿಗೆ ಬೀಗ ಇಲ್ಲ ಎಂದು ನಮ್ಮ ಅತ್ತೆ ಊರ ಮುಂದೆಲ್ಲ ಹೇಳುತ್ತಿದ್ದುದು ಸುಳ್ಳಲ್ಲ. ಆದರೆ ಅತ್ತೆಯೇ ಅವತ್ತು ನನ್ನ ಪರ ನಿಂತರು. ಮಕ್ಕಳನ್ನು ನಾನು ನೋಡ್ಕೊಂತೀನಿ, ಕರ್ಕೊಂಡು ಹೋಗು ಎಂದು ಮಗನಿಗೆ ಹೇಳಿದರು. ನಮ್ಮವರು ಕೊನೆಗೆ ಒಂದು ಷರತ್ತು ಹಾಕಿದರು.

"ಒಂದು ಹಾಡು ಹೋಗಿ ಇನ್ನೊಂದು ಬಂದಿದ್ದು ನನಗೆ ಗೊತ್ತೇ ಆಗಬಾರದು. ಅವತ್ತು ನೀನು ಕಲ್ತಂಗೆ."

ದಾವಣಗೆರೆಯಿಂದ ಇನ್ನೊಂದು ಹಳೆಯ ಪ್ಲೇಯರ್ ತಂದರು. ಎರಡಕ್ಕೂ ಬೇರೆ ಬೇರೆ ಸದ್ದಿನ ಗುಂಡಿ. ಒಂದನ್ನು ಇಳಿಸುತ್ತಾ ಇನ್ನೊಂದನ್ನು ಏರಿಸಬೇಕು. ಇಷ್ಟೇನಾ ಅಂದುಕೊಂಡೆ ನಾನು. ಸಾರಿಗೆ ಉಪ್ಪು ಹಾಕಿದಷ್ಟೇ ಸುಲಭ ಅನ್ನಿಸಿತ್ತು. ಮೊದಲ ಮದುವೆ ನನ್ನ ತವರಿನಲ್ಲೇ, ಹೊನ್ನಾಳಿಯಲ್ಲಿ. ಪ್ಲೇಟು ತಿರುಗುವ ವೇಗದ ಕಡ್ಡಿ ಬದಲಿಸುವುದನ್ನು ಮರೆತೆ. ಚಿಕ್ಕ ಪ್ಲೇಟಿನ ಪ್ರೇಮಗೀತೆಯನ್ನು ದೊಡ್ಡ ಪ್ಲೇಟಿನ ನಿಧಾನ ವೇಗದಲ್ಲಿ ಬಿಟ್ಟೆ. ನಾಯಕಿಯ ದನಿ ಗೂಳಿಯ ದನಿಯಾಗಿ ಹೊರಬಂತು. ಮದುಮಗ ತಲೆಯ ಬಾಸಿಂಗ ಹಿಡಿದುಕೊಂಡು ನಗುತ್ತಿದ್ದ. ನಮ್ಮ ದೊಡ್ಡಮ್ಮ ಚಪ್ಪರದ ಆ ತುದಿಯಿಂದಲೇ, ಅವಳೇ ಹಾಡ್ತಿದ್ದಾಳೇನೋ ನೋಡ್ರೇ ಅಂದಳು.

ಅದು ತಮಾಷೆ. ಉಬ್ರಾಣಿ ಕಡೆಯ ಮದುವೆಯಲ್ಲಿ ಆದದ್ದು ಬೇರೆ. ಮೊದಲ ಹಾಡಿನ ಸದ್ದು ಇಳಿಸಿದೆ, ಎರಡನೆಯದರ ಗುಂಡಿ ಏರಿಸಿದೆ, ಹಾಡೇ ಇಲ್ಲ. ಮುಳ್ಳು ಇಳಿಸುವುದನ್ನೇ ಮರೆತಿದ್ದೆ. ಗಾಬರಿಯಲ್ಲಿ ಮೊದಲನೆಯ ಪ್ಲೇಟಿನ ಮುಳ್ಳನ್ನೂ ಎತ್ತಿಬಿಟ್ಟೆ. ಊಟದ ಪಂಕ್ತಿ ಕೂತಿತ್ತು. ಹೋಳಿಗೆಗೆ ತುಪ್ಪ ಬಡಿಸುತ್ತಿದ್ದವನ ಕೈ ಹಾಗೇ ನಿಂತಿತು. ಯಜಮಾನರೊಬ್ಬರು ತಲೆಯ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಆ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯೊಬ್ಬರಿದ್ದರು. ಮದುವೆ ಮುಗಿಯುವ ತನಕ ದೇವರು ತಡೆದರೆ ಸಾಕು ಎಂದು ಎಲ್ಲರೂ ಮೊದಲೇ ಅಂದುಕೊಂಡಿದ್ದರು. ಮನೆಯ ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದರು. ಒಬ್ಬಳಂತೂ ಅರ್ಧ ದಾರಿಯಲ್ಲೇ ಅಳಲು ಶುರು ಮಾಡಿದ್ದಳು. ಒಳಗೆ ಅಜ್ಜಿ ಗೋಡೆಗೆ ಒರಗಿ ಕೂತು ಹೋಳಿಗೆ ತಿನ್ನುತ್ತಿದ್ದರಂತೆ. ಬಂದವರ ಮುಖ ನೋಡಿದ ಕೂಡಲೇ ವಿಷಯ ತಿಳಿದು, ಯಾವಳೇ ಅವಳು ನನ್ನ ಕೊಂದೋಳು ಎಂದು ಕೇಳಿದರಂತೆ. ಮಧ್ಯಾಹ್ನ ನನ್ನನ್ನು ಕರೆಸಿಕೊಂಡು ಮುಖ ನೋಡಿ, ಚೆನ್ನಾಗಿ ಬೈದು, ಆಮೇಲೆ ಮಡಿಲಿಗೆ ಒಂದು ಕುಬಸದ ಪೀಸು ಹಾಕಿ ಕಳಿಸಿದರು.

ಮದುವೆಗಳಲ್ಲಿ ಕೊಡುವ ಕುಬಸದ ಪೀಸಿನ ಬಗ್ಗೆ ಹೆಂಗಸರಿಗೆ ಹೇಳಬೇಕಾಗಿಲ್ಲ. ಹೊಲಿಸಲು ಬರುವುದಿಲ್ಲ, ಬಿಸಾಡಲು ಆಗುವುದಿಲ್ಲ. ಒಂದು ಮನೆಯಲ್ಲಿ ಬಂದದ್ದನ್ನು ಇನ್ನೊಂದು ಮನೆಗೆ ದಾಟಿಸುತ್ತಾ ಇರಬೇಕು. ಅಜ್ಜಿ ಕೊಟ್ಟದ್ದೂ ಅಂಥದೇ, ನುಣ್ಣಗೆ ಜಾರುವ ಬಟ್ಟೆ. ಮನೆಗೆ ಬಂದು ಸಿಟ್ಟಿನಲ್ಲಿ ಅದನ್ನು ಪ್ಲೇಯರಿನ ಮೇಲೆ ಎಸೆದೆ. ಮಾರನೆಯ ದಿನ ಅದರ ಮೇಲೆಯೇ ಪ್ಲೇಟು ಇಟ್ಟು, ಮುಳ್ಳು ಇಳಿಸಿ, ಬೆರಳಿನಿಂದ ಅಂಚನ್ನು ಹಿಡಿದೆ. ಕೆಳಗಿನ ಚಕ್ರ ತಿರುಗುತ್ತಲೇ ಇತ್ತು, ಪ್ಲೇಟು ಮಾತ್ರ ನಿಂತಿತ್ತು! ಬೆರಳು ಬಿಟ್ಟೆ, ಹಾಡು ತಟ್ಟನೆ ಹೊರಟಿತು. ಅಂದರೆ ಹಾಡನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು, ಬೇಕಾದಾಗ ಒಳಗೆ ಬಿಡಬಹುದು. ಬಟ್ಟೆಯನ್ನು ಗುಂಡಗೆ ಕತ್ತರಿಸಿದೆ. ಅವತ್ತು ನಾನು ಕುಣಿದದ್ದನ್ನು ಬೆಕ್ಕು ಬಿಟ್ಟು ಯಾರೂ ನೋಡಲಿಲ್ಲ.

ಆದರೂ ತಾಳ ಕೂಡುತ್ತಿರಲಿಲ್ಲ. ಹಳೆಯ ಹಾಡು ಒಂದು ಕಡೆ ಎಳೆದರೆ ಹೊಸದು ಇನ್ನೊಂದು ಕಡೆ. ಅಲ್ಲೊಂದು ಎಡವು ಕೇಳಿಸಿಯೇ ಕೇಳಿಸುತ್ತಿತ್ತು. ಹೀಗೇ ಒದ್ದಾಡುತ್ತಿದ್ದಾಗ ಒಂದು ಬೆಳಿಗ್ಗೆ ನಾನೂ ಪಕ್ಕದ ಮನೆಯವಳೂ ಒಂದೇ ಒರಳಿಗೆ ಒನಕೆ ಹಾಕಿ ಖಾರ ಕುಟ್ಟುತ್ತಿದ್ದೆವು. ಅತ್ತೆ ಮೂರನೆಯ ಒನಕೆ ಹಿಡಿದು ಬಂದರು. ಬಂದವರು ಸೀದಾ ಒರಳಿಗೆ ಹಾಕಲಿಲ್ಲ. ನಮ್ಮ ಪೆಟ್ಟಿನ ಜೊತೆಗೇ ಒನಕೆಯನ್ನು ಬರೀ ಗಾಳಿಯಲ್ಲಿ ಎತ್ತಿ ಇಳಿಸಿ, ಎತ್ತಿ ಇಳಿಸಿ, ಆಮೇಲೆ ನಡುವೆ ಸೇರಿಕೊಂಡರು. ನಾನು ಕುಟ್ಟುವುದನ್ನು ಬಿಟ್ಟು ಬಾಯಿ ತೆರೆದು ನಿಂತೆ. ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದೆ. ಇದೆಂಥ ಪ್ರಶ್ನೆ ಎಂಬಂತೆ ನೋಡಿದರು.

"ಎರಡು ಸಲ ಗಾಳೀಗೆ ಹಾಕ್ಬೇಕು, ಆಮೇಲೆ ಒರಳಿಗೆ. ಇಲ್ಲಾಂದ್ರೆ ಒನಕೆಗೆ ಒನಕೆ ಬಡೀತೈತೆ" ಅಂದರು.

ಖಾರ ಅಲ್ಲೇ ಬಿಟ್ಟು ಒಳಗೆ ಹೋದೆ. ಗುಂಡಿ ಪೂರ್ತಿ ಇಳಿಸಿದ್ದರೂ ಮುಳ್ಳಿನ ಹತ್ತಿರ ಕಿವಿ ಒಯ್ದರೆ ಮುಳ್ಳೇ ಸೊಳ್ಳೆಯ ಹಾಗೆ ಸಣ್ಣಗೆ ಹಾಡುತ್ತಿರುತ್ತದೆ. ಹಾರ್ನಿನಲ್ಲಿ ಹಳೆಯ ಹಾಡು ಕೂಗುತ್ತಿರುವಾಗಲೇ ಹೊಸದನ್ನು ಹೀಗೆ ಗುಟ್ಟಾಗಿ ಬಿಟ್ಟು, ಎರಡು ಸಲ ಗಾಳಿಗೆ ಕುಟ್ಟಿಸಿ, ತಾಳ ಕೂಡಿದ ಮೇಲೆ ಗುಂಡಿ ಏರಿಸಬೇಕು. ಇಷ್ಟು ತಿಳಿಯಲು ಒಂದು ಬೆಳಿಗ್ಗೆ ಸಾಕಾಯಿತು. ಕೈಗೆ ಹತ್ತಲು ವರ್ಷಗಳು ಬೇಕಾದವು. ತಿಳಿಯುವುದನ್ನೇ ಕಲಿಯುವುದು ಅಂದುಕೊಂಡರೆ ಮೂರು ತಿಂಗಳೂ ಜಾಸ್ತಿಯೇ.

ಪ್ರತಿ ಮದುವೆ ಮುಗಿದು, ಬಸ್ಸಿನ ಮೇಲೆ ಹಾರ್ನು ಕಟ್ಟಿಸಿ ಒಳಗೆ ಕೂತ ಕೂಡಲೇ ನಮ್ಮವರ ವರದಿ ಶುರು. ಬೀಗರು ಬಂದಾಗಿನದು ಗೊತ್ತಾತು. ಊಟದ ಹೊತ್ತಿಂದು ಗೊತ್ತಾತು. ಆಮೇಲಿಂದಂತೂ ಎಮ್ಮೆಗೂ ಗೊತ್ತಾಗಿರತೈತೆ. ನಾನು ಉರಿದುಬಿದ್ದು, ಕಿಟಕಿಯ ಕಡೆ ಮುಖ ತಿರುಗಿಸಿ, ಚನ್ನಗಿರಿ ಬರುವ ತನಕ ಮಾತಾಡುತ್ತಿರಲಿಲ್ಲ. ಆದರೆ ಬರುಬರುತ್ತಾ ಈ ವರದಿ ಚಿಕ್ಕದಾಗುತ್ತಾ ಬಂತು. ನಾನು ಒಳಗೊಳಗೇ ಬೀಗುತ್ತಿದ್ದೆ. ಜನ ನಮ್ಮ ಸೆಟ್ಟನ್ನು ಮತ್ತೆ ಕರೆಯತೊಡಗಿದರು. ಕೈಬಿಟ್ಟಿದ್ದ ಜಗಳೂರಿನ ಆ ಮನೆತನವೂ ಹೇಳಿಕಳಿಸಿತು. ನಮ್ಮವರು ಅವತ್ತು ಇಸ್ತ್ರಿ ಅಂಗಿ ಹಾಕಿಕೊಂಡಿದ್ದರು.

ಆ ಮದುವೆಯಲ್ಲಿ, ಊರವರೆಲ್ಲ ಸೇರಿದ್ದಾಗಲೇ, ನನ್ನ ಬಳೆ ಮುಳ್ಳಿನ ತೋಳಿಗೆ ಸಿಕ್ಕಿತು. ಪ್ಲೇಟಿನ ಮೇಲೆ ಮುಳ್ಳು ಅಡ್ಡಡ್ಡ ಹರಿದು ಹಾರ್ನು ಕಿಟಾರನೆ ಕಿರುಚಿತು. ಅಡುಗೆಯವನು ಸೌಟು ಹಿಡಿದು ಹೊರಗೆ ಬಂದು ನೋಡಿದ. ಹೇಗೋ ಇನ್ನೊಂದು ಹಾಡು ಏರಿಸಿ ಸಾವರಿಸಿಕೊಂಡೆ, ಯಾರೂ ಬೈಯಲಿಲ್ಲ. ಆದರೆ ನಮ್ಮವರು ಬಿಡುತ್ತಾರೆಯೇ? ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಕೂತು, ಏನು ಜವಾಬು ಕೊಡಲಿ ಎಂದು ಯೋಚಿಸುತ್ತಿದ್ದೆ. ಅವರು ಮುಖ ಅರಳಿಸಿಕೊಂಡು ಬಂದು ಪಕ್ಕದಲ್ಲಿ ಕೂತರು.

"ಇವತ್ತು ಒಂದೂ ಗೊತ್ತಾಗಲಿಲ್ಲ. ಕಲ್ತಿ ಬಿಡು" ಅಂದರು.

ನನ್ನ ಬಾಯಲ್ಲಿದ್ದ ಮಂಡಕ್ಕಿ ಹಾಗೇ ಉಳಿಯಿತು. ವರದಿ ಚಿಕ್ಕದಾದದ್ದು ನನ್ನ ಕೈಯ ಗುಣದಿಂದಲ್ಲ. ಸುಮ್ಮನೆ ಹೂಂ ಅನ್ನಬಹುದಿತ್ತು. ಆದರೆ ಇವರಿಗೆ ಸುಳ್ಳು ಹೇಳಿದರೆ ಇಷ್ಟು ವರ್ಷದ ಜಗಳಕ್ಕೆ ಏನು ಬೆಲೆ? ಅವರ ಎಡಗಿವಿಗೆ ಬಾಯಿ ಹತ್ತಿರ ತಂದು, ಮುಳ್ಳು ಜಾರಿ ಹಾರ್ನು ಕಿರುಚಿದ್ದನ್ನು ಜೋರಾಗಿ ಹೇಳಿದೆ. ಎರಡು ಸಲ ಹೇಳಬೇಕಾಯಿತು. ಅವರು ಮಿರ್ಚಿಯ ತೊಟ್ಟು ತಿರುಗಿಸುತ್ತಾ ಕೂತರು.

"ಹಂಗಾರೆ ಎಡಗಿವೀನೂ ಹೋತು" ಅಂದರು. ನನ್ನ ಕಡೆ ತಿರುಗಿದರು. "ಇನ್ನ ನೀನು ಕಲ್ತೆ ಅಂತ ಹೇಳೋರು ಯಾರು?"

ತನ್ನ ಕಿವಿಯ ಚಿಂತೆಗಿಂತ ನನ್ನ ಪರೀಕ್ಷೆಯ ಚಿಂತೆ ಈ ಮನುಷ್ಯನಿಗೆ! ನನಗೆ ಅಳು ತಡೆಯಲಾಗಲಿಲ್ಲ. ಬಸ್ ಸ್ಟ್ಯಾಂಡಿನ ಜನ ನೋಡಿದರೆ ನೋಡಲಿ ಎಂದು ಅತ್ತುಬಿಟ್ಟೆ. ಮಿರ್ಚಿ ಖಾರ ಅಂತ ಅವರೇ ಪಕ್ಕದವರಿಗೆ ಸಮಜಾಯಿಷಿ ಹೇಳಿದರು.

ಆಮೇಲೆ ಅವರು ಕಂಬ ಹತ್ತುವುದು, ವೈರು ಎಳೆಯುವುದು ನೋಡಿಕೊಂಡರು. ಹಾಡು ಪೂರಾ ನನ್ನದು. ಎಲ್ಲರ ಹಾಗೆ ನಾವೂ ಮರದ ದೊಡ್ಡ ಸ್ಪೀಕರ್ ಬಾಕ್ಸೊಂದನ್ನು ತಂದೆವು. ಹಾರ್ನಿನಂತಲ್ಲ ಅದು, ಹಾಡಿದರೆ ನೆಲವೇ ಗುಂಯ್ ಅನ್ನುತ್ತಿತ್ತು. ನಮ್ಮವರು ಅದರ ಪಕ್ಕ ಕುರ್ಚಿ ಹಾಕಿಕೊಂಡು, ಅಂಗೈಯನ್ನು ಅದರ ಮೇಲೆ ಇಟ್ಟುಕೊಂಡು ಕೂರುತ್ತಿದ್ದರು. ಬೆರಳುಗಳು ತಾಳ ಹಾಕುತ್ತಿದ್ದವು. ನಾನು ಹಾಡು ಬದಲಿಸಿದ ಕಡೆಯಲ್ಲಿ ಬೆರಳು ಎಡವುತ್ತಿದ್ದವು, ಒಂದು ಗಳಿಗೆ ನಿಂತು, ಹೊಸ ತಾಳ ಹುಡುಕಿಕೊಂಡು ಮತ್ತೆ ಹೊರಡುತ್ತಿದ್ದವು. ಅವರು ತಲೆ ಎತ್ತಿ ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದರು. ಗೊತ್ತಾತು ಅಂತ. ವರದಿ ಮತ್ತೆ ಶುರುವಾಯಿತು. ನನಗೆ ಸಿಟ್ಟೂ ಬರುತ್ತಿತ್ತು, ಖುಷಿಯೂ ಆಗುತ್ತಿತ್ತು.

ಚನ್ನಗಿರಿಯಲ್ಲಿ ಒಂದು ಮದುವೆ. ಮಧ್ಯಾಹ್ನದ ಊಟ ನಡೆಯುತ್ತಿತ್ತು. ಗುಂಡಗೆ ಕತ್ತರಿಸಿದ ಅಜ್ಜಿಯ ಕುಬಸದ ಪೀಸು ಅಷ್ಟು ಹೊತ್ತಿಗೆ ಬಣ್ಣ ಹೋಗಿ ಬೂದುಬೂದಾಗಿತ್ತು. ಹೊಸ ಹಾಡನ್ನು ಎರಡು ಸಲ ಗಾಳಿಗೆ ಕುಟ್ಟಿಸಿ, ಬೆರಳು ಬಿಟ್ಟು, ಗುಂಡಿ ಏರಿಸಿದೆ. ಅಭ್ಯಾಸದಂತೆ ಅವರ ಕೈಯ ಕಡೆ ನೋಡಿದೆ. ಬೆರಳು ನಿಲ್ಲಲಿಲ್ಲ. ಹಳೆಯ ಹಾಡಿನಲ್ಲಿ ಹಾಕುತ್ತಿದ್ದ ತಾಳ ಹಾಗೇ ಹೊಸ ಹಾಡಿನೊಳಗೆ ಹೋಯಿತು. ಅವರು ಪಂಕ್ತಿಯಲ್ಲಿ ಬಡಿಸುವವರನ್ನು ನೋಡುತ್ತಾ ಆರಾಮಾಗಿ ಕೂತಿದ್ದರು. ನಾನು ಮೊದಲ ಪ್ಲೇಟನ್ನು ಎತ್ತಿ ಎದೆಗೆ ಅವಚಿಕೊಂಡು ನಗುತ್ತಾ ನಿಂತೆ.

ಅವರಿಗೆ ನನ್ನ ನಗು ಕಂಡಿತು. ಯಾಕೆ ಎಂದು ಕಣ್ಣಲ್ಲೇ ಕೇಳಿದರು. ನಾನು ಹತ್ತಿರ ಹೋಗಿ ಎಡಗಿವಿಯಲ್ಲಿ ಕೂಗಿದೆ.

"ಹಾಡು ಬದಲಾತು ರೀ."

ಅವರು ನನ್ನ ಕೈಯಲ್ಲಿದ್ದ ಪ್ಲೇಟು ನೋಡಿದರು, ತಿರುಗುತ್ತಿದ್ದ ಪ್ಲೇಟು ನೋಡಿದರು, ಕೊನೆಗೆ ತಾಳ ಹಾಕುತ್ತಲೇ ಇದ್ದ ತಮ್ಮ ಬೆರಳುಗಳನ್ನು ನೋಡಿಕೊಂಡರು.

"ಯಾವಾಗ?" ಅಂದರು.