ಯೇಸುವಿನ ಜೊತೆ ಜಗಳವಾಡುತ್ತಿದ್ದ ಟೀಚರಮ್ಮ

ಹೊಸಪೇಟೆಯಲ್ಲಿ ನಮ್ಮ ಮನೆಗೂ ಮಿಷನ್ ಶಾಲೆಯ ಹೊಲಿಗೆ ಟೀಚರಮ್ಮನ ಮನೆಗೂ ನಡುವೆ ಒಂದೇ ಗೋಡೆ. ನಾನು ಕಂಪ್ಲಿಯಿಂದ ಮದುವೆಯಾಗಿ ಬಂದ ಹೊಸದರಲ್ಲಿ, ದಿನಾ ಬೆಳಿಗ್ಗೆ ಗೋಡೆಯಾಚೆಯ ಜಗಳ ಕೇಳಿ ಮೈ ಜುಮ್ಮೆನ್ನುತ್ತಿತ್ತು. ಟೀಚರಮ್ಮ ಜಗಳವಾಡುತ್ತಿದ್ದುದು ಯೇಸುಸ್ವಾಮಿಯ ಜೊತೆ. ಪ್ಲೇಗಿನಲ್ಲಿ ಗಂಡ, ಮಗಳು ಇಬ್ಬರನ್ನೂ ಕಳೆದುಕೊಂಡಿದ್ದ ಅವರಿಗೆ, ಹಾಸಿಗೆ ಬಿಟ್ಟು ಏಳಲು ಆ ಜಗಳವೇ ಬೇಕಿತ್ತು.

“ದೇವರಿಗೆ ಹಂಗ ಅನಬಾರ್ದವಾ,” ಎಂದು ನಮ್ಮತ್ತೆ ಒಮ್ಮೆ ಹೇಳಿದರು.

ಟೀಚರಮ್ಮ ಜಾರಿದ ಕನ್ನಡಕ ಏರಿಸಿ, “ಮತ್ಯಾರಿಗೆ ಅನ್ಲಿ, ಅಮ್ಮಾರ? ಕೇಳಾಂವ ಆತ ಒಬ್ನ ಅದಾನ,” ಎಂದರು.

ಒಂದು ಬೆಳಿಗ್ಗೆ ಆಚೆ ಸದ್ದೇ ಇಲ್ಲ. ಗಾಬರಿಯಾಗಿ ಓಡಿದೆ. ಒಲೆ ಹಚ್ಚಿರಲಿಲ್ಲ, ಟೀಚರಮ್ಮ ಮುಸುಕು ಹೊದ್ದು ಮಲಗಿದ್ದರು.

“ಇವತ್ತು ಆತನ್ನ ಬೈಯಾಕೂ ಮನಸ್ಸಿಲ್ಲ. ಬದುಕ ಬ್ಯಾಡಾಗೇತಿ,” ಎಂದರು.

ಪಕ್ಕದಲ್ಲಿ ಕುಳಿತು, “ನಿಮ್ಮ ಬದ್ಲಿ ನಾ ಬೈತೀನ್ರಿ,” ಎಂದುಬಿಟ್ಟೆ. ಕಣ್ಣು ಮುಚ್ಚಿ ಕೈ ಮುಗಿದೆ. “ಯೇಸಪ್ಪಾ, ನೀವು ಮಾಡಿದ್ದು ಸರಿ ಅಲ್ರಿ. ಇವರನ್ನ ಹಿಂಗ ಬಿಟ್ಟು ಎಲ್ಲಿ ಹೋಗೀರಿ? ಜಲ್ದಿ ಬರ್ರಿ.”

ಕಣ್ಣು ಬಿಟ್ಟರೆ ಟೀಚರಮ್ಮ ಅಳುತ್ತಿದ್ದರು, ಜೊತೆಗೇ ನಗುತ್ತಲೂ ಇದ್ದರು.

“ಬೈಯುವಾಗ ಯಾರರ ‘ರೀ’ ಅಂತಾರೇನವಾ?” ಎಂದು ಎದ್ದು ಕುಳಿತು, ನನ್ನ ಕೈ ಹಿಡಿದು ತಾವೇ ಶುರುಮಾಡಿದರು. ಮೊದಲು ನಡುಗಿದ ದನಿ ಏರುತ್ತಾ ಹೋಯಿತು. ಬೈಗುಳ ಮುಗಿದು ಬೇಡಿಕೆಯಾಯಿತು, ಬೇಡಿಕೆ ಮುಗಿದು ಹಾಡಾಯಿತು. ದುಃಖ ಅಂದೇ ಹೋಗಲಿಲ್ಲ, ಆದರೆ ಗಂಜಿ ಕುಡಿದು ಶಾಲೆಗೆ ಹೊರಟರು.

ಹಾಡಿನ ಕೊನೆಗೆ ಅವರು “ಆಮೆನ್” ಎಂದಾಗ ನಾನೂ ಜೋರಾಗಿ ಆಮೆನ್ ಎಂದಿದ್ದೆ. ಅರ್ಥ ಗೊತ್ತಿರಲಿಲ್ಲ. ಅಷ್ಟು ಖುಷಿಯಿಂದ ಬೇರೆ ಯಾವ ಮಾತನ್ನೂ ನಾನು ಆಡಿದ ನೆನಪಿಲ್ಲ.