ಎಡಗಡೆಯ ಬಾಕ್ಸ್ ಕೆಟ್ಟಿರಲಿಲ್ಲ

ಕೆಟ್ಟಿದ್ದು ಬಾಕ್ಸ್ ಅಂತ ನಾನು ಅಂದುಕೊಂಡೆ. ಯಾವ ಮೈಕ್ ಸೆಟ್ಟಿನವನಾದರೂ ಹಾಗೇ ಅಂದುಕೊಳ್ಳುತ್ತಾನೆ.

ಹಿರಿಯೂರಿನಲ್ಲಿ ನನ್ನದು ಮೈಕ್ ಸೆಟ್ಟಿನ ಅಂಗಡಿ. ಮದುವೆ, ಗಣಪತಿ, ಚುನಾವಣೆ ಭಾಷಣ, ಶಾಲೆಯ ಬಾವುಟ ಹಾರಿಸುವುದು, ಎಲ್ಲದಕ್ಕೂ ಸ್ಪೀಕರ್ ಬಾಕ್ಸ್ ಕಟ್ಟಿದವನು ನಾನು. ಅವತ್ತು ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ವಾರ್ಷಿಕೋತ್ಸವ. ಬೆಳಿಗ್ಗೆ ಏಳುವಾಗಲೇ ಎಡಗಿವಿಯಲ್ಲಿ ಹತ್ತಿ ತುರುಕಿದ ಹಾಗಿತ್ತು. ಸ್ನಾನದ ನೀರು ಹೋಗಿರಬೇಕು ಅಂತ ಒಂಟಿ ಕಾಲಲ್ಲಿ ಕುಣಿದು, ತಲೆ ಕೊಡವಿ, ಗಾಡಿ ಹತ್ತಿದೆ.

ವೇದಿಕೆಯ ಆ ಕಡೆ ಈ ಕಡೆ ಬಾಕ್ಸ್ ನಿಲ್ಲಿಸಿ, ಎದುರಿಗೆ ಸದ್ದು ಹೆಚ್ಚುಕಮ್ಮಿ ಮಾಡುವ ಮಿಕ್ಸರ್ ಇಟ್ಟುಕೊಂಡು ಕೂತೆ. ಮೇಘನಾ ಅಂತ ಒಬ್ಬಳು ವಿದ್ಯಾರ್ಥಿನಿ ಬಂದಳು. ಅವರದೊಂದು ಬ್ಯಾಂಡ್ ಇತ್ತು. ಕೈಗೆ ಒಂದು ಪೆನ್‌ಡ್ರೈವ್ ಕೊಟ್ಟಳು. "ಅಂಕಲ್, ಚೆಕಿಂಗಿಗೆ ಇದನ್ನ ಹಾಕ್ರಿ. ನಮಗೆ ಇಂಥ ಸೌಂಡೇ ಬೇಕು."

ಹಾಕಿದೆ. ಗಿಟಾರು ಕಲ್ಲು ಕೊಯ್ಯುವ ಮಿಷನ್ನಿನ ಹಾಗೆ ಕೊರೆಯಲು ಶುರುಮಾಡಿತು. ಡ್ರಮ್ಮಿನವನು ಲೆಕ್ಕ ತಪ್ಪುತ್ತಾನೆ, ಮತ್ತೆ ಎಲ್ಲಿಂದಲೋ ಬಂದು ಸೇರಿಕೊಳ್ಳುತ್ತಾನೆ. ನಡುವೆ ಎಲ್ಲರೂ ಸುಮ್ಮನಾಗಿಬಿಡುತ್ತಾರೆ. ಕರೆಂಟ್ ಹೋಯಿತಾ ಅಂತ ನಾನು ಸ್ವಿಚ್ ಮುಟ್ಟುವಷ್ಟರಲ್ಲಿ ಮತ್ತೆ ಧಡಾರ್ ಅಂತ ಬೀಳುತ್ತಾರೆ. ಹಾಡುವವರು ಈಗ ಬಂದಾರು, ಆಗ ಬಂದಾರು ಅಂತ ಕಾದೆ.

"ಹಾಡೋರು ಎಲ್ಲಿ ಹೋದ್ರಮ್ಮ?"

"ಹಾಡೋರೇ ಇರಲ್ಲ ಅಂಕಲ್. ಇನ್‌ಸ್ಟ್ರುಮೆಂಟಲ್ ರಾಕ್ ಇದು. ಎಕ್ಸ್‌ಪೆರಿಮೆಂಟಲ್. ಇಡೀ ಆಲ್ಬಮ್ ಹಿಂಗೇ."

"ಎಕ್ಸ್‌ಪೆರಿಮೆಂಟ್ ಮಾಡಾಕೆ ನನ್ನ ಬಾಕ್ಸೇ ಬೇಕಾಗಿತ್ತೇನಮ್ಮ?"

ಆ ಹುಡುಗಿ ನಕ್ಕಳು. ನಾನೂ ನಕ್ಕೆ. ನಗುತ್ತಿರುವಾಗಲೇ ಗೊತ್ತಾಯಿತು, ಎಡಗಡೆಯಿಂದ ಏನೂ ಬರುತ್ತಿಲ್ಲ. ಎದ್ದು ಹೋಗಿ ಎಡಗಡೆಯ ಬಾಕ್ಸಿಗೆ ಕಿವಿ ಕೊಟ್ಟೆ. ಚೆನ್ನಾಗಿಯೇ ಹೊಡೆಯುತ್ತಿದೆ! ವಾಪಸ್ ಬಂದು ಕೂತರೆ ಸತ್ತಿದೆ. ಮತ್ತೆ ಹೋದೆ, ಇದೆ. ಬಂದೆ, ಇಲ್ಲ. "ಎಡಗಡೆ ಸೌಂಡು ಹಿಂಗೇ ಐತೇನಮ್ಮ ಇದ್ರಲ್ಲಿ?" ಅಂತ ಕೇಳಿದ್ದಕ್ಕೆ ಅವಳು, "ಇದ್ರಲ್ಲಿ ಸೌಂಡು ಆ ಕಡೆ ಈ ಕಡೆ ಓಡಾಡ್ತಿರುತ್ತೆ ಅಂಕಲ್" ಅಂದಳು. ಸರಿ, ಅರ್ಧ ತಪ್ಪು ಆ ಆಲ್ಬಮ್ಮಿನದು, ಅರ್ಧ ಲೂಸ್ ಕಾಂಟ್ಯಾಕ್ಟಿನದು ಅಂತ ತೀರ್ಮಾನ ಮಾಡಿದೆ. ಬಾಕ್ಸಿಗೆ ಬಗ್ಗುವಾಗೆಲ್ಲ ನಾನು ಕೊಡುತ್ತಿದ್ದದ್ದು ಬಲಗಿವಿ. ಅದು ಕಸುಬಿನ ಅಭ್ಯಾಸ. ನನಗೆ ಹೊಳೆಯಲೇ ಇಲ್ಲ.

ಕಾರ್ಯಕ್ರಮ ಮುಗಿಸಿಕೊಂಡು ಅಂಗಡಿಗೆ ಬಂದು ಬಾಕ್ಸ್ ಬಿಚ್ಚಿದೆ. ವೈರ್ ಬದಲಾಯಿಸಿದೆ. ಪಿನ್‌ಗಳಿಗೆ ಹೊಸದಾಗಿ ಬೆಸುಗೆ ಹಾಕಿದೆ. ಆಂಪ್ಲಿಫೈಯರ್ ಹೊಟ್ಟೆ ತೆರೆದೆ. ಹೀಗೇ ಒಂದು ವಾರ ಹೋಯಿತು. ನನ್ನ ಹೆಂಡತಿ ರತ್ನ ಊಟಕ್ಕೆ ಕರೆದರೂ ಕೇಳಿಸುತ್ತಿರಲಿಲ್ಲ. "ಕೂಗಿ ಕೂಗಿ ಗಂಟ್ಲು ಬಿತ್ತು, ಆ ಬಾಕ್ಸನ್ನೇ ಕಟ್ಕಂಡು ಸಂಸಾರ ಮಾಡ್ರಿ" ಅಂತ ಬೈದಳು. ಕಿವಿಯೊಳಗೆ ಮೈಕ್ ಕೂಗಿಕೊಂಡಂತೆ ಕುಂಯ್ ಅನ್ನುವ ಸದ್ದು ಬೇರೆ. ಮನೆಯಲ್ಲಿ ಮೈಕೇ ಇಲ್ಲ, ಆದರೂ ವಾಲ್ಯೂಮ್ ತಗ್ಗಿಸಲು ನನ್ನ ಕೈ ಹುಡುಕುತ್ತಿತ್ತು.

ಆಮೇಲೆ ಮಾರಿಕಣಿವೆಯಲ್ಲಿ ಒಂದು ಗೃಹಪ್ರವೇಶ. ಸರಿ ಮಾಡಿದ ಬಾಕ್ಸುಗಳನ್ನೇ ಒಯ್ದೆ. ಎಡಗಡೆ ಮತ್ತೆ ಸತ್ತಿತ್ತು. ತಲೆ ಕೆಟ್ಟು ಹೋಯಿತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಭುಜ ಮುಟ್ಟಿ ಕರೆದರು. ಬಾಕ್ಸುಗಳಿಗೆ ಬೆನ್ನು ಮಾಡಿ ತಿರುಗಿದೆ.

ಸತ್ತ ಬಾಕ್ಸಿಗೆ ಜೀವ ಬಂತು. ಚೆನ್ನಾಗಿದ್ದದ್ದು ಸತ್ತಿತು.

ಮತ್ತೆ ಮುಂದಕ್ಕೆ ತಿರುಗಿದೆ. ಅದಲು ಬದಲು. ಇನ್ನೊಂದು ಸಲ ತಿರುಗಿದೆ. ಕೆಟ್ಟಿದ್ದು ನನ್ನ ಜತೆಯಲ್ಲೇ ತಿರುಗುತ್ತಿತ್ತು. ಅಯ್ಯೋ ದೇವರೇ ಅಂದೆ. ಆ ಮಾತೂ ನನಗೆ ಒಂದೇ ಕಡೆ ಕೇಳಿಸಿತು. ಅಲ್ಲೇ ಕುಕ್ಕರಿಸಿದೆ. ಹೋಳಿಗೆ ಬಡಿಸುತ್ತಿದ್ದವರು ನನಗೆ ಬಿಸಿಲು ಹೊಡೆದಿದೆ ಅಂತ ಮಜ್ಜಿಗೆ ತಂದುಕೊಟ್ಟರು.

ದುರ್ಗದ ಇಎನ್‌ಟಿ ಡಾಕ್ಟರಮ್ಮ ನನ್ನನ್ನು ಗಾಜಿನ ಕಿಟಕಿಯಿರುವ ಪುಟ್ಟ ಕೋಣೆಯೊಳಗೆ ಕೂರಿಸಿ ಆಡಿಯೋಗ್ರಾಂ ಮಾಡಿಸಿದರು. ಕೆಟ್ಟ ಕಿವಿಯ ಪರೀಕ್ಷೆ ಮಾಡುವಾಗ ಒಳ್ಳೆಯ ಕಿವಿಗೆ ಸೊರ್ರೆನ್ನುವ ಸದ್ದು ಬಿಟ್ಟಿರುತ್ತಾರೆ. ಇಲ್ಲದಿದ್ದರೆ ಒಳ್ಳೆಯದು ಕೆಟ್ಟದ್ದರ ಪರವಾಗಿ ಕೇಳಿಸಿಕೊಂಡು ಮೋಸ ಮಾಡುತ್ತದಂತೆ. ಸದ್ದು ಕೇಳಿದರೆ ಬಟನ್ ಒತ್ತಬೇಕು. ನಾನು ಬಟನ್ ಹಿಡಿದು ಕಾದೆ. ಗಾಜಿನ ಆಚೆ ಪರೀಕ್ಷೆ ಮಾಡುವ ಹುಡುಗಿ ಏನೇನೋ ತಿರುಗಿಸುತ್ತಿದ್ದಾಳೆ. ನಾನು ಒತ್ತುತ್ತಲೇ ಇಲ್ಲ.

"ಯಾವಾಗಿಂದ ಹೀಗೆ?" ಡಾಕ್ಟರಮ್ಮ ಕೇಳಿದರು.

"ಬಾಕ್ಸ್ ಕೆಟ್ಟಾಗಿಂದ ಮೇಡಂ." ಬಾಯಿಂದ ಹಾಗೇ ಬಂತು. ರತ್ನ ಇಡೀ ಕಥೆ ಬಿಡಿಸಿ ಹೇಳಿದಳು.

"ಸಡನ್ ಹಿಯರಿಂಗ್ ಲಾಸ್ ಅಂತಾರೆ ಇದಕ್ಕೆ. ಮೊದಲ ದಿನವೇ ಬಂದಿದ್ರೆ ಚೆನ್ನಾಗಿತ್ತು. ಈಗಲೂ ಪ್ರಯತ್ನ ಮಾಡೋಣ. ಬರಬಹುದು, ಸ್ವಲ್ಪ ಬರಬಹುದು, ಬರದೆಯೂ ಇರಬಹುದು."

ಸ್ಟಿರಾಯ್ಡ್ ಮಾತ್ರೆ ಬರೆದರು. ಗಡ್ಡೆ ಏನಾದರೂ ಇದೆಯಾ ಅಂತ ಎಂಆರ್‌ಐ ಆಗಬೇಕು ಅಂದರು. ಗಡ್ಡೆ ಅನ್ನುವ ಮಾತು ಮಾತ್ರ ಬಲಗಿವಿಗೆ ನೆಟ್ಟಗೆ ಕೇಳಿಸಿತು.

ಎಂಆರ್‌ಐ ಮಿಷನ್ನಿನ ಒಳಗೆ ನಾನು ಗಡಗಡ ನಡುಗಿದೆ. ಅಲ್ಲಾಡಬೇಡಿ ಅಂತ ಬೈಸಿಕೊಂಡೆ. ಗಡ್ಡೆ ಇರಲಿಲ್ಲ. ಕಿವಿಯ ತಮಟೆಯ ಮೂಲಕ ಇಂಜೆಕ್ಷನ್ ಕೊಟ್ಟರು. ಮಂಚ ತಲೆಕೆಳಗಾದಂತೆ ಸುತ್ತಿತು, ವಾಂತಿ ಆಯಿತು. ಮಾತ್ರೆಯಿಂದ ಶುಗರ್ ಏರಿತು, ಮುಖ ಊದಿತು. ಅದನ್ನೆಲ್ಲ ಸಹಿಸಬಹುದಿತ್ತು. ನಾಳೆ ಬಲಗಿವಿಯೂ ಹೋದರೆ? ಈ ಒಂದು ಯೋಚನೆ ಮಾತ್ರ ಬಿಡುತ್ತಲೇ ಇರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಬಲಗಿವಿಯ ಹತ್ತಿರ ಬೆರಳು ಉಜ್ಜಿ ನೋಡುತ್ತಿದ್ದೆ. ಸರಸರ ಅಂದರೆ ಉಸಿರು ಬಿಡುತ್ತಿದ್ದೆ.

ಅದಕ್ಕಿಂತ ನೋವಿನದು ಇನ್ನೊಂದು. ರತ್ನ ನನ್ನ ಎಡಕ್ಕೆ ಕೂತು ಮಾತಾಡುವವಳು. ಗಾಡಿಯಲ್ಲೂ ಅಷ್ಟೇ, ಊಟಕ್ಕೂ ಅಷ್ಟೇ. ಮದುವೆಯಾದಾಗಿನಿಂದ ಅವಳ ದನಿ ನನಗೆ ಆ ಕಡೆಯಿಂದಲೇ ಬಂದದ್ದು. ಈಗ ಪಾಪ, ಎದ್ದು ಸುತ್ತಿಕೊಂಡು ಬಂದು ಬಲಕ್ಕೆ ಕೂತು ಮಾತಾಡುತ್ತಾಳೆ. ಅವಳು ಹಾಗೆ ಎದ್ದು ಬರುವಾಗೆಲ್ಲ ನನಗೆ ಅಳು ಬರುತ್ತಿತ್ತು.

ಹಾಡು ಕೇಳಲು ಆಗುತ್ತಿರಲಿಲ್ಲ. ಬಾಯಿಪಾಠವಾಗಿದ್ದ ಸಿನಿಮಾ ಹಾಡುಗಳೆಲ್ಲ ವಿಕಾರವಾಗಿದ್ದವು. ಅವು ಹೇಗಿರಬೇಕು ಅಂತ ಗೊತ್ತಿದ್ದದ್ದೇ ಕಷ್ಟ. ಇಲ್ಲಿ ಪಿಟೀಲು ಬರಬೇಕು, ಬರುವುದಿಲ್ಲ. ಒಂದೊಂದು ಹಾಡೂ ಏನೇನು ಕಳೆದುಹೋಗಿದೆ ಅಂತ ತೋರಿಸಿಕೊಡುತ್ತಿತ್ತು. ನಡುವೆಯೇ ಆರಿಸಿಬಿಡುತ್ತಿದ್ದೆ.

ಆಗ ಸಿಕ್ಕಿದ್ದು ಆ ಪೆನ್‌ಡ್ರೈವ್. ಮೇಘನಾಳಿಗೆ ವಾಪಸ್ ಕೊಡದೆ ಮಿಕ್ಸರಿಗೇ ಚುಚ್ಚಿಟ್ಟು ಬಂದಿದ್ದೆ. ಫೋನ್ ಮಾಡಿದರೆ, "ಇಟ್ಕಳ್ರಿ ಅಂಕಲ್, ನನ್ನ ಹತ್ರ ಇನ್ನೊಂದು ಕಾಪಿ ಐತೆ" ಅಂದಳು. ಸುಮ್ಮನೆ ಹಾಕಿದೆ. ಅದೇ ಕಲ್ಲು ಕೊಯ್ಯುವ ಗಿಟಾರು, ಅದೇ ಲೆಕ್ಕ ತಪ್ಪಿದ ಡ್ರಮ್ಮು. ಆದರೆ ವಿಚಿತ್ರ ನೋಡಿ, ಇದು ಹೆದರಿಸಲಿಲ್ಲ. ಇದು ಹೇಗಿರಬೇಕು ಅಂತ ನನಗೆ ಗೊತ್ತೇ ಇರಲಿಲ್ಲವಲ್ಲ! ಒಡಕಲು ದನಿ ಬಂದರೆ ಅವರೇ ಹಾಗೆ ಬಾರಿಸಿರಬೇಕು ಅಂದುಕೊಳ್ಳಬಹುದು. ಸುಮ್ಮನಾದರೆ ಅವರೇ ಸುಮ್ಮನಾಗಿರಬೇಕು. ಯಾವ ದೇಶದವರೋ, ಎಂಥ ಪೆಟ್ಟು ತಿಂದು ಹೀಗೆ ಬಾರಿಸಿದರೋ. ಅವರ ಜತೆ ಕೂತಿದ್ದಷ್ಟು ಹೊತ್ತು ನಾನು ಕಿವುಡನಾಗಿರಲಿಲ್ಲ.

ದಿನಾ ಕೇಳತೊಡಗಿದೆ. ಆಸ್ಪತ್ರೆಯವರ ಉಪಾಯವನ್ನೇ ಮನೆಯಲ್ಲಿ ಕಟ್ಟಿಕೊಂಡೆ. ಹೆಡ್‌ಫೋನಿನ ಬಲಕ್ಕೆ ಸ್ಟೇಷನ್ ಸಿಗದ ರೇಡಿಯೋದ ಸೊರ್ರೆನ್ನುವ ಸದ್ದು, ಎಡಕ್ಕೆ ಮಾತ್ರ ಆಲ್ಬಮ್, ಎರಡಕ್ಕೂ ಬೇರೆ ಬೇರೆ ಪಿನ್. ಮೊದಮೊದಲು ಎಡಕ್ಕೆ ಏನೂ ಇಲ್ಲ. ಆಮೇಲೆ ಡ್ರಮ್ ಬಂದ ಹಾಗಾಯಿತು. ಆಮೇಲೆ ಗಿಟಾರು! ಕೊನೆಯದೊಂದನ್ನು ಬಿಟ್ಟು ಎಲ್ಲ ತುಣುಕುಗಳನ್ನೂ ಕೇಳಿದೆ. ಕೊನೆಯದು ನನ್ನ ಕಿವಿಯೊಳಗಿನ ಕುಂಯ್ ಅನ್ನುವ ಸದ್ದಿನಂತೆಯೇ ಶುರುವಾಗುತ್ತಿತ್ತು. ಮೊದಲ ಸಲ ಬಾಕ್ಸಿನಲ್ಲಿ ಅದು ಬಂದಾಗ ಎದೆ ಧಸಕ್ಕೆಂದು ಆರಿಸಿದವನು ಮತ್ತೆ ಆ ಕಡೆ ಹೋಗಲಿಲ್ಲ.

"ಬರ್ತಾ ಐತೆ ರತ್ನ, ಕಿವಿ ಬರ್ತಾ ಐತೆ" ಅಂತ ಕುಣಿದೆ. ಅವಳು ದೇವರಿಗೆ ತುಪ್ಪದ ದೀಪ ಹಚ್ಚಿದಳು. ಆದರೂ ಅವಳಿಗೆ ಏನೋ ಅನುಮಾನ. ಒಂದು ದಿನ ನಾನು ಕಣ್ಣು ಮುಚ್ಚಿ, ಡ್ರಮ್ಮಿಗೆ ಸರಿಯಾಗಿ ತೊಡೆ ತಟ್ಟುತ್ತ ಕೂತಿದ್ದೆ. ಭುಜ ಮುಟ್ಟಿದಳು. ಕಣ್ಣು ಬಿಟ್ಟೆ.

ಆಲ್ಬಮ್ಮಿನ ಪಿನ್ ಅವಳ ಕೈಯಲ್ಲಿತ್ತು.

ಹೆಡ್‌ಫೋನ್ ಕಿತ್ತೆ. "ಯಾವಾಗ ತೆಗ್ದೆ?"

"ಆಗ್ಲೇ ಕಣ್ರಿ. ಒಲೆ ಮೇಲೆ ಹಾಲಿಟ್ಟು ಬಂದು ನೋಡಿದ್ರೂ ನೀವು ತೊಡೆ ತಟ್ತಾನೇ ಇದ್ರಿ."

ಏನೂ ಬರುತ್ತಿರಲಿಲ್ಲ. ನಾನು ಕೇಳಿದ್ದು ನನ್ನ ತಲೆಯೊಳಗಿನದು. ದಿನಾ ಕೇಳಿ ಕೇಳಿ ಅದೂ ಬಾಯಿಪಾಠವಾಗಿಬಿಟ್ಟಿತ್ತು. ಹಾಗಾದರೆ ಇಷ್ಟು ದಿನ ಕಿವಿ ಬರುತ್ತಿದೆ ಅಂದುಕೊಂಡದ್ದರಲ್ಲಿ ಎಷ್ಟು ಕಿವಿ, ಎಷ್ಟು ಭ್ರಮೆ? ಹುಚ್ಚು ಹಿಡಿಯುತ್ತಿದೆಯಾ ನನಗೆ? ಡಾಕ್ಟರಮ್ಮನಿಗೆ ಫೋನ್ ಹಚ್ಚಿದೆ. "ಹುಚ್ಚಲ್ಲ ಇದು, ಖಾಲಿ ಜಾಗವನ್ನ ಮೆದುಳು ನೆನಪಿನಿಂದ ತುಂಬ್ತಾ ಇದೆ. ಮುಂದಿನ ಆಡಿಯೋಗ್ರಾಂನಲ್ಲಿ ನಿಜ ಗೊತ್ತಾಗುತ್ತೆ" ಅಂದರು. ಆ ಆಡಿಯೋಗ್ರಾಂ ಕೊನೆಯದು. ಅದರಲ್ಲಿ ಏನು ಬಂದಿದೆಯೋ ಅಷ್ಟೇ ಅಂತ ಮೊದಲೇ ಹೇಳಿದ್ದರು.

ಆ ದಿನ ಬೆಳಿಗ್ಗೆ ಶರ್ಟ್ ಹಾಕಿಕೊಂಡವನು ಹೊಸಿಲು ದಾಟಲಾರದೆ ಕೂತುಬಿಟ್ಟೆ. "ನಾ ಬರಲ್ಲ. ಆ ಗಾಜಿನ ಗೂಡಲ್ಲಿ ಬಟನ್ ಹಿಡ್ಕಂಡು ಕೂರೋಕೆ ನನ್ನ ಕೈಲಿ ಆಗಲ್ಲ."

ರತ್ನ ಬೈಯಲಿಲ್ಲ. "ಅದ್ರಾಗೆ ನೀವು ಕೇಳ್ದೇ ಇರೋದು ಒಂದು ಐತೆ ಅಂದಿದ್ರಲ್ಲ. ಅದನ್ನ ಹಾಕಾಣ. ಅದು ನಿಮ್ಮ ತಲೆಯಾಗೆ ಇಲ್ವಲ್ಲ."

ಬೇಡ ಅಂದೆ. ಅವಳು ಆಗಲೇ ಹೆಡ್‌ಫೋನ್ ತಂದು ತಲೆಗೆ ಹಾಕಿದ್ದಳು. ಬಲಕ್ಕೆ ಸೊರ್ರೆನ್ನುವ ಸದ್ದು. ಎಡಕ್ಕೆ ಕೊನೆಯ ತುಣುಕು. ಅದನ್ನೇ ಚಿಕ್ಕ ಸ್ಪೀಕರಿನಲ್ಲಿ ಮೆಲ್ಲಗೆ ತಾನೂ ಕೇಳುತ್ತ ನನ್ನ ಎಡಕ್ಕೆ ಕೂತಳು. ಸದ್ದು ಕೇಳಿದರೆ ನಾನು ಬೆರಳು ಎತ್ತಬೇಕು, ನಿಂತರೆ ಇಳಿಸಬೇಕು.

ಏನೂ ಇಲ್ಲ. ಏನೂ ಇಲ್ಲ. ಅವಳ ಮುಖ ನೋಡಲು ಹೆದರಿ ನೆಲ ನೋಡುತ್ತ ಕೂತೆ.

ಆಮೇಲೆ ತಳದಲ್ಲಿ ಏನೋ ಹೊರಳಿತು. ಭಾರವಾದ ಕಪಾಟನ್ನು ಪಕ್ಕದ ಮನೆಯಲ್ಲಿ ಎಳೆದಂತೆ. ಬೆರಳು ಎತ್ತಿದೆ. ನಿಂತಿತು, ಇಳಿಸಿದೆ. ಮತ್ತೆ ಬಂತು. ಎತ್ತಿದೆ. ಧಂ, ಧಂ. ತಲೆ ಎತ್ತಿ ನೋಡಿದರೆ ರತ್ನ ಹೌದು ಹೌದು ಅಂತ ಕತ್ತು ಆಡಿಸುತ್ತಿದ್ದಾಳೆ, ಕಣ್ಣಲ್ಲಿ ನೀರು.

ಶುರುವಿನ ಕುಂಯ್ ಅನ್ನುವುದು ನನಗೆ ಬಂದೇ ಇರಲಿಲ್ಲ. ಅಂಥ ಸಣ್ಣ, ಕೀರಲು ದನಿಗಳು ಆ ಕಿವಿಗೆ ಇನ್ನು ಬರುವುದಿಲ್ಲ ಅಂತ ಅವತ್ತು ಮಧ್ಯಾಹ್ನ ಡಾಕ್ಟರಮ್ಮ ಗ್ರಾಫ್ ತೋರಿಸಿ ಹೇಳಿದರು. ದಪ್ಪ ದನಿಗಳ ಕಡೆ ಗೆರೆ ಒಂದಿಷ್ಟು ಸುಧಾರಿಸಿದೆ, ಬಂದದ್ದನ್ನು ಕಾಪಾಡಿಕೊಳ್ಳಿ ಅಂದರು. ಈಗಲೂ ಬಾಕ್ಸ್ ಕಟ್ಟುತ್ತೇನೆ. ಹಾರ್ಮೋನಿಯಂ ಹೆಚ್ಚಾಯಿತೋ ಕಮ್ಮಿಯಾಯಿತೋ ಅಂತ ರತ್ನಳನ್ನು ಕೇಳಿ ತಿರುಗಿಸುತ್ತೇನೆ. ಬಲಗಿವಿಯ ಹತ್ತಿರ ಬೆರಳು ಉಜ್ಜುವುದು ಇನ್ನೂ ಬಿಟ್ಟಿಲ್ಲ. ಹೆದರಿಕೆ ಹೋಗಿಲ್ಲ, ಅದರ ಜತೆ ಇರುವುದು ಸ್ವಲ್ಪ ಅಭ್ಯಾಸವಾಗಿದೆ.

ಆದರೆ ಆ ಬೆಳಿಗ್ಗೆ ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ತುಣುಕು ಮುಗಿಯಿತು ಅಂತ ಅವಳು ಸನ್ನೆ ಮಾಡಿದಳು. "ನನಗೆ ಕೇಳ್ದೇ ಇದ್ದಿದ್ದು ಏನಿತ್ತು?" ಅಂತ ಕೇಳಿದೆ.

ಅವಳು ಹೆಡ್‌ಫೋನಿನ ಎಡಗಡೆಯದನ್ನು ಎತ್ತಿದಳು. ಬಲಗಿವಿಯಲ್ಲಿ ರೇಡಿಯೋ ಇನ್ನೂ ಸೊರ್ರೆನ್ನುತ್ತಲೇ ಇತ್ತು. ಎಡಗಿವಿಗೆ ಬಾಯಿ ಹಚ್ಚಿ, ರಾಕ್ ಮ್ಯೂಸಿಕ್ ಅಂದರೆ ಮೂಗು ಮುರಿಯುವ ನನ್ನ ಹೆಂಡತಿ, ಆ ಗಿಟಾರನ್ನು ಬಾಯಲ್ಲಿ ಬಾರಿಸಿ ತೋರಿಸಿದಳು. ಜುಂಯ್ ಜುಂಯ್ ಅಂತ. ತಗಡಿನ ಡಬ್ಬಿಯೊಳಗಿಂದ ಬಂದಂತೆ, ಒಡೆದು, ದೂರದಿಂದ. ಆದರೆ ಅವಳ ದನಿಯೇ. ಎಡಗಡೆಯಿಂದಲೇ.

"ಇನ್ನೊಂದ್ಸಲ ಬಾರ್ಸು" ಅಂದೆ.

"ಏಳ್ರಿ ಸಾಕು, ಬಸ್ ತಪ್ತೈತೆ" ಅಂದಳು.

ಅದೂ ಕೇಳಿಸಿತು.